ಜೇಬಲ್ಲೇ ಉಳಿದ ಟೈಮ್‌ಔಟ್

ಶಿಕಾಗೋ ಹತ್ತಿರ ಒಂದು ಶಾಪಿಂಗ್ ವೆಬ್‌ಸೈಟಿನ ಪ್ರೊಡಕ್ಷನ್ ಸಪೋರ್ಟ್ ಟೀಮಿಗೆ ನಾನು ಲೀಡ್. ಇಲ್ಲಿಯ ದೊಡ್ಡ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬಂತೆಂದರೆ ಅರ್ಧ ಆಫೀಸು ಖಾಲಿ, ಶಿಫ್ಟು ನಮ್ಮಂಥವರ ತಲೆಗೆ. 2024ರ ನವೆಂಬರ್ 28ಕ್ಕೂ ಅದೇ ಕಥೆ. ಜೊತೆಗೆ ಉಳಿದಿದ್ದವನು ಇಲ್ಲೇ ಹುಟ್ಟಿ ಬೆಳೆದ ಒಬ್ಬ ಸಹೋದ್ಯೋಗಿ, ಶಿಕಾಗೋ ತಂಡ ಬೇರ್ಸ್‌ನ ಹುಚ್ಚ. ಒಂದು ಪರದೆಯಲ್ಲಿ ಟಿಕೆಟ್, ಅಂದರೆ ಸೈಟಿನ ದೂರುಗಳು, ಇನ್ನೊಂದರಲ್ಲಿ ಆಟ. ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕದ ಫುಟ್‌ಬಾಲ್.

ಅವನ ಹೊಟ್ಟೆಯುರಿ ಆ ತಿಂಗಳ ಶುರುವಿನಿಂದಲೂ ಇತ್ತು. ಅರಿಜೋನಾ ಎದುರು 9-29, ನ್ಯೂ ಇಂಗ್ಲೆಂಡ್ ಎದುರು 3-19. ಎರಡೂ ಆಟದಲ್ಲಿ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಟಚ್‌ಡೌನ್ ಒಂದೇ ಒಂದೂ ಇಲ್ಲ. ಚೆಂಡು ಎಸೆಯುವ ಹುಡುಗ ಕೇಲೆಬ್ ವಿಲಿಯಮ್ಸ್‌ನನ್ನು ಎರಡನೆಯ ಆಟದಲ್ಲಿ ಒಂಬತ್ತು ಸಲ ಕೆಡವಿದ್ದರು. ಎರಡು ದಿನಕ್ಕೆ ಆಫೆನ್ಸ್, ಅಂದರೆ ದಾಳಿಯ, ಕೋಚ್ ಶೇನ್ ವಾಲ್ಡ್ರನ್ ಮನೆಗೆ. ಅಡುಗೆಯವನನ್ನು ಬದಲಾಯಿಸಿದರು, ಹೊಗೆಯಾಡುವ ಒಲೆ ಹಾಗೇ ಉಳಿಯಿತು. ಹುಡುಗನನ್ನು ಕಾಯಬೇಕಾದ ಆಟಗಾರರ ಸಾಲು ಅದೇ ಅಲ್ವಾ?

ಆ ದಿನ ಡೆಟ್ರಾಯಿಟ್ ಎದುರು ಅರ್ಧ ಆಟಕ್ಕೆ 0-16. ಆಮೇಲೆ ಹೇಗೋ 20-23ಕ್ಕೆ ತಂದರು. ಕೊನೆಯಲ್ಲಿ ಚೆಂಡು ಒದ್ದು ಮೂರು ಅಂಕ ತರುವ ಒಂದು ಫೀಲ್ಡ್ ಗೋಲ್ ಸಿಕ್ಕಿದ್ದರೂ ಸಮ. ಅರ್ಧ ನಿಮಿಷ ಇರುವಾಗ ವಿಲಿಯಮ್ಸ್ ಮತ್ತೆ ನೆಲಕ್ಕೆ. ಕರೆದರೆ ಗಡಿಯಾರ ನಿಲ್ಲುವ ಒಂದು ಟೈಮ್‌ಔಟ್ ಕೈಯಲ್ಲಿ ಬಾಕಿ. ಗಡಿಯಾರ ಓಡುತ್ತಲೇ ಇದೆ. 20, 15, 10... ಇವನು ಕುರ್ಚಿ ಬಿಟ್ಟು ಎದ್ದು ಪರದೆಗೆ ಕೂಗುತ್ತಿದ್ದಾನೆ. ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲಸ್ ಟೈಮ್‌ಔಟ್ ಕರೆಯಲೇ ಇಲ್ಲ. ಆರು ಸೆಕೆಂಡ್ ಇರುವಾಗ ಚೆಂಡು ಕೈಗೆ ಬಂತು, ದೂರಕ್ಕೆ ಎಸೆದ, ಯಾರಿಗೂ ಸಿಗಲಿಲ್ಲ. ಮುಗಿಯಿತು. ಇವನು ಹೆಡ್‌ಸೆಟ್ ಹಾಕಿಕೊಂಡು ಸುಮ್ನೆ ಮುಂದಿನ ಟಿಕೆಟ್ ತೆಗೆದ. ಮಾರನೇ ದಿನ ಕೋಚ್ ವಜಾ. ಸೀಸನ್ ನಡುವೆ ಮುಖ್ಯ ಕೋಚನ್ನು ತೆಗೆದಿದ್ದು ಬೇರ್ಸ್ ಇತಿಹಾಸದಲ್ಲೇ ಮೊದಲು.

ನಾನೂ ಜೋರಾಗಿ ನಕ್ಕಿದ್ದೆ. ಜನವರಿಯಲ್ಲಿ ನನ್ನ ಸರದಿ ಬಂತು.

ರಾತ್ರಿ 2ರಿಂದ 4ರವರೆಗೆ ರಿಲೀಸ್, ಅಂದರೆ ಸೈಟಿಗೆ ಹೊಸ ಬದಲಾವಣೆ ಹಾಕುವ ಕೆಲಸ. 2:50ಕ್ಕೆ ಡೇಟಾಬೇಸ್ ಸ್ಕ್ರಿಪ್ಟ್ ನಿಂತಿತು. ಎಲ್ಲ ಹಳೆಯ ಸ್ಥಿತಿಗೆ ತರುವ ರೋಲ್‌ಬ್ಯಾಕ್‌ಗೆ 40 ನಿಮಿಷ ಬೇಕು, ಅದನ್ನು ಹೇಳುವ ಅಧಿಕಾರ ನನಗೊಬ್ಬನಿಗೇ. ಕೀಬೋರ್ಡಿನಲ್ಲಿ ಇದ್ದವನು ಆರು ತಿಂಗಳ ಹಿಂದೆ ಸೇರಿದ ಹುಬ್ಬಳ್ಳಿ ಹುಡುಗ. "ಸರ್, ಇನ್ನೊಂದ್ಸಲ ನೋಡ್ಲೇನ್ರೀ?" "ಹ್ಞೂಂ, ನೋಡು." ಇದೇ ಮಾತು ಮೂರು ಸಲ ಆಯಿತು. ನಾನೂ ಅವನ ಲಾಗ್‌ನಲ್ಲೇ ಕಣ್ಣು ನೆಟ್ಟು ಕೂತಿದ್ದೆ. ತಲೆ ಎತ್ತಿದಾಗ 3:35. ಸೈಟು ಮೇಲೆದ್ದಿದ್ದು ಐದೂವರೆಗೆ.

ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ಹುಡುಗನನ್ನೇ ಕೇಳಿದರು, ಯಾಕೆ ನಿಲ್ಲಿಸಲಿಲ್ಲ ಅಂತ. ನಾನು ಬಾಯಿ ತೆರೆಯುವ ಮೊದಲೇ ಚಾಟ್‌ನಲ್ಲಿ ಬೇರ್ಸ್ ಹುಚ್ಚನ ಮೆಸೇಜು ಬಂತು: "ಟೈಮ್‌ಔಟ್ ಯಾರ ಹತ್ತಿರ ಇತ್ತು?" ನನ್ನ ಹತ್ತಿರ ಇತ್ತು ಅಂತ ಮೀಟಿಂಗಿನಲ್ಲೇ ಹೇಳಿದೆ.

ಈಗ ರಿಲೀಸ್ ರಾತ್ರಿ ನಾನು ಲಾಗ್ ತೆರೆಯುವುದಿಲ್ಲ. ಗಡಿಯಾರವಷ್ಟೇ ನೋಡುತ್ತೇನೆ. 3:10ಕ್ಕೆ ಕೆಲಸ ಮುಗಿಯದಿದ್ದರೆ ವಾಪಸ್. ಕಳೆದ ಸಲ ಹಾಗೇ ನಿಲ್ಲಿಸಿದೆ. ಇನ್ನೈದು ನಿಮಿಷ ಕೊಟ್ಟಿದ್ದರೆ ಮುಗೀತಿತ್ತು ಅಂತ ಹುಬ್ಬಳ್ಳಿ ಹುಡುಗ ಈಗಲೂ ಗೊಣಗುತ್ತಾನೆ. ಮುಗಿಯುತ್ತಿತ್ತೇನೋ.