ಶುಗರ್ ಮಾತ್ರೆ ಕೊಡೋಕೆ ಇಷ್ಟೊಂದು ಪ್ರಶ್ನೆ ಯಾಕೆ?

ಮೆಡಿಕಲ್ ಶಾಪ್‌ನಲ್ಲಿ ಕೂತಿರುವ ನನಗೆ ದಿನಾ ಕೇಳಿಸುವ ಮಾತಿದು: "ಹೋದ ತಿಂಗಳು ಕೊಟ್ಟ ಶುಗರ್ ಮಾತ್ರೆಯನ್ನೇ ಕೊಡಿ ಮೇಡಂ, ಅದಕ್ಕೆ ಇಷ್ಟೆಲ್ಲ ಯಾಕೆ ಕೇಳ್ತೀರಾ?" ನಿಮಗೆ ಕೆಲಸಕ್ಕೆ ಹೊತ್ತಾಗಿರುತ್ತದೆ, ಗೊತ್ತು. ಆದರೂ ಕೇಳುತ್ತೇನೆ. ಶುಗರ್‌ಗೆ ಒಬ್ಬ ಡಾಕ್ಟರ್, ಮಂಡಿನೋವಿಗೆ ಇನ್ನೊಬ್ಬರು, ಇಬ್ಬರೂ ಬರೆದ ಮಾತ್ರೆ ಒಟ್ಟಿಗೆ ಬಂದು ಬೀಳುವುದು ನಮ್ಮ ಕೌಂಟರ್ ಮೇಲೆಯೇ ಅಲ್ವಾ?

ಒಬ್ಬರು ಅಜ್ಜಿ ಇನ್ಸುಲಿನ್ ಬಾಟಲಿ ಒಯ್ಯಲು ಬಂದಿದ್ದರು. "ಒಂದು ದಿನಾನೂ ತಪ್ಪಿಸಿಲ್ಲ ಕಣಮ್ಮ, ಆದ್ರೂ ಶುಗರ್ ಇಳೀತಿಲ್ಲ" ಅಂದರು. ಸಿರಿಂಜ್ ತೋರಿಸಿ ಅಜ್ಜಿ ಅಂದೆ. ಕೈಚೀಲದಿಂದ ತೆಗೆದರು. ಕಿತ್ತಳೆ ಬಣ್ಣದ ಮುಚ್ಚಳ! ಅವರ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವಂಥದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಕಿತ್ತಳೆಯದ್ದು 100 ಯೂನಿಟ್‌ನ ಇನ್ಸುಲಿನ್‌ಗೆ. ಅಜ್ಜಿ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದುಕೊಂಡರೆ ಮೈಗೆ ಸೇರುತ್ತಿದ್ದದ್ದು ಬರೀ 8 ಯೂನಿಟ್. ಇದೇ ತಿರುಗಾಮುರುಗಾ ಆಗಿದ್ದರೆ 20ರ ಬದಲು 50 ಹೋಗುತ್ತಿತ್ತು, ಜೀವಕ್ಕೇ ಅಪಾಯ. ಸರಿಯಾದ ಸಿರಿಂಜ್ ಕೊಟ್ಟು ಸುಮ್ನೆ ಕಳಿಸುವಂತೆಯೂ ಇರಲಿಲ್ಲ. ಶುಗರ್ ಇಳಿಯುತ್ತಿಲ್ಲವೆಂದು ಅವರ ಡಾಕ್ಟರ್ ಆಗಲೇ ಡೋಸ್ ಜಾಸ್ತಿ ಮಾಡಿದ್ದರು, ಅಷ್ಟನ್ನೂ ಪೂರ್ತಿ ಚುಚ್ಚಿಕೊಂಡಿದ್ದರೆ ಶುಗರ್ ಒಮ್ಮೆಲೇ ಕುಸಿಯುತ್ತಿತ್ತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಹೊಸದಾಗಿ ಬರೆಸಿಕೊಂಡೆ.

ಮಾತ್ರೆಗಳದ್ದು ಬೇರೆ ಕಥೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎಂಬ ಎರಡು ಶುಗರ್ ಔಷಧಿ ಸೇರಿದ ಮಾತ್ರೆ ಹತ್ತಾರು ಹೆಸರಿನಲ್ಲಿ ಬರುತ್ತದೆ. ಹೊಸ ಡಾಕ್ಟರ್ ಬೇರೆ ಹೆಸರಿನದ್ದು ಬರೆದಾಗ ಹಳೆಯದನ್ನೂ ನಿಲ್ಲಿಸದೆ ಎರಡೂ ನುಂಗುವವರಿದ್ದಾರೆ, ಹನ್ನೊಂದು ಗಂಟೆಗೆ ಶುಗರ್ ಕುಸಿದು ಬೆವರಿ ಕೈ ನಡುಗಿದರೆ ಬಿಪಿ ಅಂದುಕೊಳ್ಳುತ್ತಾರೆ. ಸಂಕಷ್ಟಿ ಉಪವಾಸದ ದಿನ ಬೆಳಗಿನ ಮಾತ್ರೆ ನುಂಗಿದರೂ ಹೀಗೇ ಆಗಬಹುದು. ಮೆಟ್‌ಫಾರ್ಮಿನ್ ಎಸ್‌ಆರ್ ಅಂತ ಇದ್ದರೆ ಅರೆದು ಪುಡಿ ಮಾಡಬೇಡಿ, ಅದು ನಿಧಾನಕ್ಕೆ ಕರಗಲೆಂದೇ ಮಾಡಿದ ಮಾತ್ರೆ. ಮಂಡಿನೋವಿಗೆ ಸ್ಟೆರಾಯ್ಡ್ ಕೊಟ್ಟಿದ್ದರೆ ಶುಗರ್ ಏರುತ್ತದೆ, ಅದನ್ನು ಶುಗರ್ ಡಾಕ್ಟರಿಗೆ ಹೇಳಲೇಬೇಕು.

ಇನ್ನೊಂದು, ತುಂಬಾ ಜನರಿಗೆ ಗೊತ್ತಿಲ್ಲದ್ದು. ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಟೆಸ್ಟ್ ಮಾಡಿ ಅನ್ನುತ್ತೇವೆ. ಆದರೆ ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಸೇರಿದ್ದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ಆ ಔಷಧಿ ತಡೆಯುತ್ತದೆ. ಅಂಥವರು ಗ್ಲೂಕೋಸ್ ಪುಡಿಯನ್ನೇ ಜೊತೆಗಿಟ್ಟುಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ಸಲ ಬರುವಾಗ ಮನೆಯಲ್ಲಿರುವ ಅಷ್ಟೂ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಸಿರಿಂಜ್ ಕೂಡ.