ಶುಗರ್ ಎಲ್ಲರಿಗೂ ಒಂದೇ ತಾನೆ, ಅವರಿಗೆ ಬೇರೆ ಅಧ್ಯಯನ ಯಾಕೆ?

ಊರಿಗೆ ಹೋದಾಗ ದೊಡ್ಡಮ್ಮ ಕೇಳುತ್ತಾರೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯುಗಾದಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ. ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರ ನಡುವೆ ಆರೋಗ್ಯ ಶಿಕ್ಷಣದ ಕೆಲಸ ಮಾಡುತ್ತೇನೆ ಅಂದರೆ ಸಾಕು, ಅದೇ ಮಾತು: "ಅಲ್ಲ ಕಣೇ, ಶುಗರ್ ಅಂದ್ರೆ ಎಲ್ಲರಿಗೂ ಶುಗರ್ ತಾನೆ? ಅವರಿಗೇ ಅಂತ ಬೇರೆ ಸಂಶೋಧನೆ ಯಾಕೆ?" ಕನ್ನಡ ಸಂಘದವರು ಇದನ್ನೇ ಸ್ವಲ್ಪ ನಾಜೂಕಾಗಿ ಕೇಳುತ್ತಾರೆ, ಅಷ್ಟೇ.

ನಾನು ಮೊದಲು ನಮ್ಮ ಲೆಕ್ಕವನ್ನೇ ತೆಗೆಯುತ್ತೇನೆ. 2000ದಲ್ಲಿ ಅಮೆರಿಕದಲ್ಲಿ ಮೆಸಾ ಅನ್ನುವ ದೊಡ್ಡ ಹೃದಯ ಅಧ್ಯಯನ ಶುರುವಾಯಿತು. 6,814 ಜನ. ಬಿಳಿಯರು, ಕಪ್ಪು ಜನ, ಲ್ಯಾಟಿನೋಗಳು, ಚೀನೀ ಮೂಲದವರು ಎಲ್ಲರೂ ಇದ್ದರು. ನಾವು ಇರಲಿಲ್ಲ. ಆಮೇಲೆ 2010ರಿಂದ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಕಡೆಯ ದಕ್ಷಿಣ ಏಷ್ಯಾ ಮೂಲದ 906 ಜನರನ್ನು ಸೇರಿಸಿ ಇನ್ನೊಂದು ಅಧ್ಯಯನ ಮಾಡಿದರು. ಅದರ ಹೆಸರು ಮಸಾಲಾ! ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೆ ನಮ್ಮವರಲ್ಲಿ ಶೇ. 23 ಜನಕ್ಕೆ ಸಕ್ಕರೆ ಕಾಯಿಲೆ. ಮೆಸಾದ ಲ್ಯಾಟಿನೋಗಳಲ್ಲಿ ಶೇ. 17, ಬಿಳಿಯರಲ್ಲಿ ಶೇ. 6. ಇಷ್ಟು ಹೇಳುವಾಗ ಹೋಳಿಗೆ ಬಡಿಸುತ್ತಿರುವವರ ಕೈ ಸ್ವಲ್ಪ ತಡೆಯುತ್ತದೆ. ಬೇರೆಯಾಗಿ ಎಣಿಸದೆ ಇದ್ದಿದ್ದರೆ ನಾವೂ 'ಏಷ್ಯಾದವರು' ಅನ್ನುವ ಒಂದೇ ಮೂಟೆಯಲ್ಲಿ ಇರುತ್ತಿದ್ದೆವು.

ಲ್ಯಾಟಿನೋಗಳದ್ದೂ ಇದೇ ಕಥೆ, ಇನ್ನೂ ದೊಡ್ಡದಾಗಿ. 2020ರ ಜನಗಣತಿಯಲ್ಲಿ ಅವರು 6.2 ಕೋಟಿ. ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರಿಕೊ, ದಕ್ಷಿಣ ಅಮೆರಿಕ, ಎಲ್ಲ ಕಡೆಯವರೂ ಇದರಲ್ಲಿ ಬಂದರು. 2008ರಲ್ಲಿ ಬ್ರಾಂಕ್ಸ್, ಶಿಕಾಗೋ, ಮಯಾಮಿ, ಸ್ಯಾನ್ ಡಿಯಾಗೋಗಳಲ್ಲಿ ಶುರುವಾದ 'ಸೋಲ್' ಅಧ್ಯಯನ 16,415 ಜನರ ರಕ್ತ, ಉಸಿರು, ಹಲ್ಲು, ಕಿವಿ, ನಿದ್ದೆ ಎಲ್ಲವನ್ನೂ ನೋಡಿತು. ಸಕ್ಕರೆ ಕಾಯಿಲೆ ಒಟ್ಟಾರೆ ಶೇ. 16.9. ಬಿಡಿಸಿ ನೋಡಿದರೆ ಮೆಕ್ಸಿಕೋ ಮೂಲದವರಲ್ಲಿ 18.3, ದಕ್ಷಿಣ ಅಮೆರಿಕದವರಲ್ಲಿ 10.2. ಒಂದೇ ಭಾಷೆ ಆಡುವವರಲ್ಲೇ ಇಷ್ಟು ಅಂತರ.

ಆದರೆ ಅಂಕಿಗಳಿಗಿಂತ ನನಗೆ ಜಾಸ್ತಿ ಹಿಡಿಸುವ ಉದಾಹರಣೆ ಸಲೀನಾಸ್ ಕಣಿವೆಯದ್ದು. ಕ್ಯಾಲಿಫೋರ್ನಿಯಾದ ಲೆಟ್ಯೂಸ್, ಸ್ಟ್ರಾಬೆರಿ ಬೆಳೆಯುವ ಜಾಗ. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಮೆಕ್ಸಿಕೋದಿಂದ ಬಂದವರು. 1999ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ಮತ್ತು ಅವರ ತಂಡ ಅಲ್ಲಿನ ಕ್ಲಿನಿಕ್‌ಗಳ ಜೊತೆ ಸೇರಿ 601 ಗರ್ಭಿಣಿಯರನ್ನು ಸೇರಿಸಿಕೊಂಡು ಚಮಾಕೋಸ್ ಅಧ್ಯಯನ ಶುರುಮಾಡಿತು. ಆ ಮಕ್ಕಳು ದೊಡ್ಡವರಾಗುವವರೆಗೂ ಬಿಡದೆ ಹಿಂಬಾಲಿಸಿದರು.

ಪ್ರಶ್ನೆ ಇದು: ಬೆಳೆಗೆ ಹೊಡೆಯುವ ಔಷಧಿ ಮಗುವಿಗೆ ಏನು ಮಾಡುತ್ತದೆ? ಗದ್ದೆಗೆ ಮಗು ಹೋಗದಿದ್ದರೂ ಔಷಧಿ ಮನೆಗೆ ಬರುತ್ತದೆ. ಅಪ್ಪನ ಬೂಟಿನ ಮಣ್ಣಿನಲ್ಲಿ, ಅಮ್ಮನ ಅಂಗಿಯ ತೋಳಿನಲ್ಲಿ. ಅಲ್ಲಿಂದ ನೆಲದ ಧೂಳಿಗೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿ ಕೈ ಬಾಯಿಗೆ ಹಾಕುತ್ತದೆ. ಹೊಟ್ಟೆಯೊಳಗಿನ ಮಗುವಿಗೆ ತಾಯಿಯ ಮೂಲಕವೇ ಹೋಗುತ್ತದೆ. ಗರ್ಭಿಣಿಯರ ಮೂತ್ರದಲ್ಲಿ ಆರ್ಗನೋಫಾಸ್ಫೇಟ್ ಅನ್ನುವ ಜಾತಿಯ ಕೀಟನಾಶಕಗಳ ಗುರುತು ಅತಿ ಹೆಚ್ಚು ಇದ್ದ ಐದನೇ ಒಂದು ಭಾಗವನ್ನು, ಅತಿ ಕಡಿಮೆ ಇದ್ದ ಐದನೇ ಒಂದು ಭಾಗದ ಜೊತೆ ಹೋಲಿಸಿದರು. ಏಳು ವರ್ಷಕ್ಕೆ, ಗುರುತು ಹೆಚ್ಚು ಇದ್ದ ತಾಯಂದಿರ ಮಕ್ಕಳಿಗೆ ಬುದ್ಧಿ ಪರೀಕ್ಷೆಯಲ್ಲಿ ಸರಾಸರಿ 7 ಅಂಕ ಕಡಿಮೆ.

ಇದರಿಂದ ಹುಟ್ಟಿದ ಪಾಠಗಳು ತೀರಾ ಸರಳ. ಬೂಟು ಬಾಗಿಲ ಹೊರಗೆ ಬಿಡಿ. ಮಗುವನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ. ಗದ್ದೆಯ ಬಟ್ಟೆ ಬೇರೆ ಒಗೆಯಿರಿ. ಕೈ ಸೋಪು ಹಾಕಿ ತೊಳೆಯಿರಿ. ಪಾದರಕ್ಷೆ ಹೊರಗೆ ಬಿಡೋದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಂತ ದೊಡ್ಡಮ್ಮ ನಗುತ್ತಾರೆ. ಸರಿಯೇ. ಆದರೆ ಸೋಪು, ನೀರು, ಕೈಗವಸು ಗದ್ದೆಯ ಬದಿಯಲ್ಲಿ ಇರಬೇಕಲ್ವಾ? ಕೈ ತೊಳೆಯಲು ಮೇಸ್ತ್ರಿ ಬಿಡುವು ಕೊಡಬೇಕಲ್ವಾ? ಬರೀ ಶಿಕ್ಷಣ ಅಂತ ಕೂತರೆ ತಪ್ಪೆಲ್ಲ ಕೂಲಿಯವರ ತಲೆಗೇ ಕಟ್ಟಿದ ಹಾಗಾಗುತ್ತದೆ. ನನ್ನ ಕೆಲಸದ ಬಗ್ಗೆ ನನಗೇ ಇರುವ ತಕರಾರು ಇದು. ಚಮಾಕೋಸ್ ಅಲ್ಲಿಗೇ ನಿಲ್ಲಲಿಲ್ಲ ಅನ್ನುವುದು ಸಮಾಧಾನ. ಇಂಥ ಅಧ್ಯಯನಗಳ ಬಲದಿಂದಲೇ ಕ್ಯಾಲಿಫೋರ್ನಿಯಾ ಸರ್ಕಾರ 2020ರ ಕೊನೆಗೆ ಇದೇ ಜಾತಿಯ ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕದ ಬಳಕೆಯನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ನಮ್ಮೂರ ಗೊಬ್ಬರದಂಗಡಿಯಲ್ಲಿ ಗೆದ್ದಲಿಗೆ ಅಂತ ಕೊಡುವ ಔಷಧಿ ನೆನಪಿದೆಯಾ? ಅದೇ.

ಇನ್ನು ಕೆಲವರು ಪಟ್ಟು ಬಿಡುವುದಿಲ್ಲ. "ಇಂಗ್ಲಿಷ್ ಕರಪತ್ರವನ್ನ ಸ್ಪ್ಯಾನಿಷ್‌ಗೆ ಮಾಡಿ ಹಂಚಿದ್ರೆ ಆಯ್ತಪ್ಪ, ಅಷ್ಟಕ್ಕೆ ಇಷ್ಟೊಂದು ಜನ ಬೇಕಾ?" ಅವರಿಗೆ ಟೆಕ್ಸಾಸಿನ ಸ್ಟಾರ್ ಕೌಂಟಿ ಅನ್ನುವ ಜಿಲ್ಲೆಯ ಕಥೆ ಹೇಳುತ್ತೇನೆ. ಮೆಕ್ಸಿಕೋ ಗಡಿಯಲ್ಲಿ ರಿಯೋ ಗ್ರಾಂಡೆ ನದಿ ದಡದ ಬಡ ಕೌಂಟಿ. ಅಲ್ಲಿ ಶರೋನ್ ಬ್ರೌನ್ ಅವರ ತಂಡ ಸಕ್ಕರೆ ಕಾಯಿಲೆಯ 256 ಜನರ ಮೇಲೆ ಪ್ರಯೋಗ ಮಾಡಿತು. ಒಂದು ವರ್ಷದಲ್ಲಿ 52 ಗಂಟೆ ತರಗತಿ. ಕಲಿಸುವವರು ಅದೇ ಕೌಂಟಿಯ ನರ್ಸುಗಳು, ಆಹಾರ ತಜ್ಞರು, ಊರ ಕಾರ್ಯಕರ್ತೆಯರು. ಮಾತೆಲ್ಲ ಸ್ಪ್ಯಾನಿಷ್‌ನಲ್ಲಿ. ಟೋರ್ತಿಯಾ ಅನ್ನುವ ಅವರ ರೊಟ್ಟಿ, ಬೀನ್ಸ್ ಬಿಡಿ ಅಂತ ಯಾರೂ ಹೇಳಲಿಲ್ಲ, ಅದೇ ಅಡುಗೆಯನ್ನು ಹೇಗೆ ಮಾಡಬಹುದು ಅಂತ ತೋರಿಸಿದರು. ಮನೆಯವರೊಬ್ಬರನ್ನೋ ಸ್ನೇಹಿತರನ್ನೋ ಜೊತೆಗೆ ಕರೆತರಬೇಕಿತ್ತು. ಇದು ನನಗೆ ತುಂಬಾ ಇಷ್ಟ. ಮನೆಯಲ್ಲಿ ಸೌಟು ಹಿಡಿದವರು ಒಪ್ಪದಿದ್ದರೆ ಪಥ್ಯ ಎಷ್ಟು ದಿನ ನಡೆದೀತು?

ಆರು ತಿಂಗಳಿಗೆ ತರಗತಿ ಸಿಕ್ಕವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ತಮ್ಮ ಸರದಿಗೆ ಕಾಯುತ್ತಿದ್ದವರಿಗಿಂತ 1.4 ಅಂಶ ಕಡಿಮೆ ಇತ್ತು. ಆದರೂ ಅದು ಶೇ. ಹತ್ತರ ಮೇಲೇ ಇತ್ತು, ಇನ್ನೂ ತುಂಬಾ ಜಾಸ್ತಿಯೇ. ಅಂದರೆ ಪವಾಡ ಏನೂ ಆಗಲಿಲ್ಲ. ಆಮೇಲೆ ಅದೇ ತಂಡ 22 ಗಂಟೆಯ ಚಿಕ್ಕ ಪಾಠವನ್ನೂ ಮಾಡಿ ಹೋಲಿಸಿತು. ಅದರಿಂದಲೂ ಪ್ರಯೋಜನ ಆಯಿತು. ಆದರೆ ಅರ್ಧಕ್ಕಿಂತ ಜಾಸ್ತಿ ತರಗತಿಗೆ ಬಂದವರಲ್ಲಿ ಉದ್ದನೆಯ ಪಾಠದವರ ಸಕ್ಕರೆಯೇ ಹೆಚ್ಚು ಇಳಿಯಿತು. ಹಣ ಕೊಡುವವರು ಮಾತ್ರ ಯಾವಾಗಲೂ 22 ಗಂಟೆಯದನ್ನೇ ಕೇಳುತ್ತಾರೆ.