ಲೈನ್ ಸತ್ತರೂ ಎತ್ತು ಉಳಿಯಿತು: ಶಿರಸಿ ಮಳೆಯಲ್ಲಿ ಆಲ್ಬಿಯನ್

ಅಂತೂ ಕೆಲಸ ಮಾಡಿತು! ಫೈಬರ್ ಎಳೆ ಕಿತ್ತಿಟ್ಟರೂ ಆಲ್ಬಿಯನ್ ಆನ್‌ಲೈನ್ ಆಟದಲ್ಲಿ ಕೆರ್ಲಿಯನ್ ಪೇಟೆಗೆ ಹೊರಟ ಸಾಗಣೆ ಎತ್ತು ನಾಲ್ಕೈದು ಸೆಕೆಂಡ್ ತಡವರಿಸಿ ಮತ್ತೆ ನಡೆಯಿತು, ಲಾಗಿನ್ ಪರದೆಗೆ ಎಸೆಯಲಿಲ್ಲ. ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕುವುದು, ವೈರ್‌ಗಾರ್ಡ್ ಅನ್ನುವ ವಿಪಿಎನ್‌ಗೆ ಕೀಲಿ ಮಾಡುವುದು ಇಲ್ಲಿ ಬರೆಯುವುದಿಲ್ಲ. ಸತಾಯಿಸಿದ್ದು ಒಂದೇ ಜಾಗ, ಅದರ ಪುರಾಣ ಮಾತ್ರ.

ಬೇರೆ ಆಟಕ್ಕೆ ಇಷ್ಟು ರಗಳೆ ಬೇಕಿರಲಿಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ನಡೆಯುವುದೇ 0.6 ಸೆಕೆಂಡಿಗೊಂದು ಹೆಜ್ಜೆಯಂತೆ, ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರುವ ಸಮಯ, ಸ್ವಲ್ಪ ಕೆಟ್ಟರೂ ಅಡ್ಡಿಯಿಲ್ಲ. ಆಲ್ಬಿಯನ್‌ನ ಕೆಂಪು, ಕಪ್ಪು ವಲಯದಲ್ಲಿ ಸತ್ತರೆ ಮೈಮೇಲಿನದು, ಚೀಲದೊಳಗಿನದು ಎಲ್ಲ ಹೋಯಿತು. ಒಂದಿಷ್ಟು ನಾಶ, ಉಳಿದದ್ದು ಕೊಂದವನ ಪಾಲು. ಕನೆಕ್ಷನ್ ಕಡಿದಾಗ ಪಾತ್ರ ಕೂಡಲೇ ಮಾಯವಾಗುವುದೂ ಇಲ್ಲ, ನಡುದಾರಿಯಲ್ಲಿ ನಿಂತೇ ಇರುತ್ತದೆ.

ಆಟದ ರುಚಿ ಇರುವುದೂ ಅಲ್ಲೇ. ಹಳೆ ಸಾಮಾನು ಹಾಳಾಗುವುದರಿಂದಲೇ ಹೊಸದಕ್ಕೆ ಗಿರಾಕಿ. ಫೋರ್ಟ್ ಸ್ಟರ್ಲಿಂಗ್‌ನಲ್ಲಿ ಮರ, ಥೆಟ್‌ಫರ್ಡ್‌ನಲ್ಲಿ ಅದಿರು, ಮಾರ್ಟ್‌ಲಾಕ್‌ನಲ್ಲಿ ಚರ್ಮ ಹದ ಮಾಡಿದರೆ ಕಚ್ಚಾ ಮಾಲು ಹೆಚ್ಚು ವಾಪಸ್ ಸಿಗುತ್ತದೆ. ಪೇಟೆ ಪೇಟೆಗೆ ದರ ಬೇರೆ. ಕೆರ್ಲಿಯನ್‌ನ ಬ್ಲ್ಯಾಕ್ ಮಾರ್ಕೆಟ್ ಆಟಗಾರರ ಮಾಲನ್ನು ಕೊಂಡು ಅದನ್ನೇ ರಾಕ್ಷಸರ ಕೈಯಿಂದ ಉದುರಿಸುತ್ತದೆ. ಅಲ್ಲಿಗೆ ಹೋಗುವ ದಾರಿ ಕೆಂಪು ವಲಯದಲ್ಲೇ. ಬೆಳಗೆದ್ದು ಅಡಿಕೆಯ ಚಾಲಿ, ರಾಶಿ ದರ ನೋಡುವ ಊರಿನವರಿಗೆ ಇದು ಹಿಡಿಸದೆ ಇನ್ನೇನು? ಪೀಡೆಯೂ ಉಂಟು. ಪ್ರೀಮಿಯಂ ಚಂದಾ ಇರುವವರಿಗೆ ದಿನಕ್ಕೆ 10,000 ಫೋಕಸ್, ಅಂದರೆ ಹದ ಮಾಡುವಾಗ ಖರ್ಚು ಮಾಡುವ ಅಂಕ, 30,000ಕ್ಕೆ ತುಂಬಿದ ಮೇಲೆ ಬರುವುದೆಲ್ಲ ವ್ಯರ್ಥ. ಹಾಗಾಗಿ ಮೂರು ದಿನಕ್ಕೊಮ್ಮೆಯಾದರೂ ಹಾಜರಿ ಹಾಕಬೇಕು. ದಂಡು ಕಟ್ಟಿ ಬರುವ ಗಿಲ್ಡ್‌ಗಳ ಎದುರು ಒಂಟಿ ಆಟಗಾರ ಬರೀ ಬೇಟೆ.

2023ರಲ್ಲಿ ಸಿಂಗಾಪುರದ ಸರ್ವರ್ ಬಂದ ಮೇಲೆ ಪಿಂಗ್ ತಕರಾರು ಬಹುಪಾಲು ಮುಗಿಯಿತು. ಉಳಿದದ್ದು ಕರೆಂಟ್.

ಮಿನಿ ಯುಪಿಎಸ್ ಮಾರುವವರ ಲೆಕ್ಕ ದೇವರಿಗೇ ಪ್ರೀತಿ. ಡಬ್ಬಿ ಮೇಲೆ 10,400 ಎಂಎಎಚ್ ಅಂತ ಇರುತ್ತದೆ, ಅದು 3.7 ವೋಲ್ಟ್‌ನ ಲೆಕ್ಕ, ಅಂದರೆ 38 ವ್ಯಾಟ್-ಅವರ್. 12 ವೋಲ್ಟ್‌ಗೆ ಏರಿಸುವಾಗ ಸೋರುವುದು ಸೋರಿ, ಓಎನ್‌ಟಿ (ಮನೆಯೊಳಗಿನ ಫೈಬರ್ ಡಬ್ಬಿ), ರೂಟರ್, 4ಜಿ ಡಾಂಗಲ್ ಸೇರಿ 16 ವ್ಯಾಟ್ ಎಳೆದರೆ ಎರಡು ಗಂಟೆ ಬಂದರೆ ಪುಣ್ಯ. ಇಷ್ಟು ಮಾಡಿಯೂ ಪ್ರಯೋಜನ ಅರ್ಧವೇ: ದಾರಿ ನಡುವೆ ಕಂಬದಲ್ಲಿರುವ ಡಬ್ಬಿಗೆ ಬ್ಯಾಟರಿ ಇಲ್ಲದಿದ್ದರೆ ಮನೆಯ ದೀಪ ಉರಿದರೂ ಫೈಬರ್ ಸತ್ತಂತೆಯೇ. ಹಾಗಾಗಿ ಒಂದು ಲೈನ್ ಬಿದ್ದರೆ ಇನ್ನೊಂದಕ್ಕೆ ಬದಲಿಸುವ ಎಂವ್ಯಾನ್3 ಪ್ಯಾಕೇಜ್ ರೂಟರ್‌ಗೆ ಹಾಕಿ 4ಜಿಗೆ ಹಾರಿಸುವುದು.

ಹಾರಿದ ಕೂಡಲೇ ಹೊರಗಿನ ಐಪಿ ಬದಲಾಗುತ್ತದೆ, ಆಟದ ಸರ್ವರ್‌ಗೆ ಗುರುತೇ ಸಿಗುವುದಿಲ್ಲ. ಅದಕ್ಕೆ ಸಿಂಗಾಪುರದಲ್ಲೇ ಒಂದು ಅಗ್ಗದ ವಿಪಿಎಸ್ (ಬಾಡಿಗೆ ಸರ್ವರ್), 512 ಎಂಬಿ ರ‍್ಯಾಮ್ ಧಾರಾಳ. ಅಲ್ಲಿಯವರೆಗೆ ವೈರ್‌ಗಾರ್ಡ್ ಸುರಂಗ. ಆಟಕ್ಕೆ ಕಾಣುವುದು ವಿಪಿಎಸ್‌ನ ಐಪಿ ಮಾತ್ರ. ವೈರ್‌ಗಾರ್ಡ್ ಕೀಲಿ ನೋಡಿ ಗುರುತು ಹಿಡಿಯುತ್ತದೆ, ಹೊರಗಿನ ವಿಳಾಸ ಬದಲಾದರೆ ಅದಕ್ಕೇನೂ ಇಲ್ಲ. ಆಟದ ಯುಡಿಪಿ ಪ್ಯಾಕೆಟ್‌ಗಳು ಮಾತ್ರ ಸುರಂಗಕ್ಕೆ, ಅಪ್‌ಡೇಟ್ ನೇರ ದಾರಿಗೆ. ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಬೈಟ್, 1412: ಫೈಬರ್ ಲಾಗಿನ್ ಆಗುವ ಪಿಪಿಪಿಒಇಯ 1492ರಲ್ಲಿ ವೈರ್‌ಗಾರ್ಡ್‌ನ 80 ಕಳೆದದ್ದು.

ಕಾಗದದ ಮೇಲೆ ಎಲ್ಲ ಸರಿ. ಎಂವ್ಯಾನ್3 ಲಾಗ್ ಫೈಬರ್ ಬಿತ್ತು ಅನ್ನುತ್ತದೆ, ಬ್ರೌಸರ್ 4ಜಿಯಲ್ಲಿ ಓಡುತ್ತದೆ, ಸುರಂಗ ಮಾತ್ರ ಮಿಸುಕುವುದಿಲ್ಲ. ತಲೆ ಕೆಡಿಸುವ ಭಾಗ ಇದೇ. ಕೀಲಿ ಸರಿ, ರೂಟ್ ಸರಿ, ಫೈರ್‌ವಾಲ್ ಸರಿ. ಕಳ್ಳ ಕೂತಿದ್ದು ಕರ್ನಲ್‌ನ ಕಾನ್‌ಟ್ರ್ಯಾಕ್ ಪಟ್ಟಿಯಲ್ಲಿ, ಅಂದರೆ ನಡೆಯುತ್ತಿರುವ ಕನೆಕ್ಷನ್‌ಗಳ ದಾಖಲೆಯಲ್ಲಿ. ಸುರಂಗದ ಯುಡಿಪಿ ಹರಿವಿಗೆ ಎಂವ್ಯಾನ್3 ಮೊದಲೇ ಹಚ್ಚಿದ ಫೈಬರ್ ಗುರುತು ಆ ಸಾಲಿನಲ್ಲಿ ಹಾಗೇ ಉಳಿದಿರುತ್ತದೆ. ಹೊಸ ಪ್ಯಾಕೆಟ್‌ಗೂ ಅದೇ ಗುರುತು, ಅದೇ ಸತ್ತ ದಾರಿ. ಸುಮ್ಮನೆ ಬಿಟ್ಟರೆ ಕೆಲವೇ ನಿಮಿಷದಲ್ಲಿ ಸಾಲು ತಾನೇ ಅಳಿಯುತ್ತದೆ. ಆದರೆ ಸುರಂಗ ಮಲಗದಿರಲಿ ಅಂತ ಹಾಕಿದ 25 ಸೆಕೆಂಡಿನ ಕೀಪ್‌ಅಲೈವ್ ಇದೆಯಲ್ಲ, ಅದೇ ಆ ಸಾಲಿಗೆ ಮತ್ತೆ ಮತ್ತೆ ಜೀವ ಕೊಡುತ್ತದೆ. ಮದ್ದೇ ರೋಗ, ಮಾರಾಯ್ರೆ.

ಎಂವ್ಯಾನ್3ರಲ್ಲಿ ಫ್ಲಶ್ ಕಾನ್‌ಟ್ರ್ಯಾಕ್ ಆಯ್ಕೆ ಇದೆ, ಆದರೆ ಅದು ಇಡೀ ಪಟ್ಟಿಯನ್ನೇ ಗುಡಿಸುತ್ತದೆ. ಅದರ ಬದಲು ಯೂಸರ್ ಸ್ಕ್ರಿಪ್ಟ್‌ನಲ್ಲಿ, ಫೈಬರ್ ಬಿದ್ದಾಗ ಮತ್ತು ಎದ್ದಾಗ, ಕಾನ್‌ಟ್ರ್ಯಾಕ್ ಉಪಕರಣದಿಂದ ವೈರ್‌ಗಾರ್ಡ್‌ನ ಯುಡಿಪಿ 51820 ಪೋರ್ಟ್‌ನ ಸಾಲನ್ನಷ್ಟೇ ಅಳಿಸುವುದು ಲೇಸು.

ಇನ್ನು ಸಮಯ. ಆಲ್ಬಿಯನ್ ಬಳಸುವ ಫೋಟಾನ್ ಅನ್ನುವ ನೆಟ್‌ವರ್ಕ್ ತಂತ್ರಾಂಶದ ಮೂಲ ಸೆಟ್ಟಿಂಗ್‌ನಲ್ಲಿ 10 ಸೆಕೆಂಡ್ ಸದ್ದಿಲ್ಲದಿದ್ದರೆ ಕನೆಕ್ಷನ್ ಕಡಿದಂತೆ. ಎಂವ್ಯಾನ್3ರ ಮೂಲ ಅಳತೆ ಅಷ್ಟರೊಳಗೆ ಎಚ್ಚರವಾಗುವುದಿಲ್ಲ. ಹಾಗಾಗಿ ಬದಲಿಸಿದ್ದು ಹೀಗೆ: ಪಿಂಗ್ ಸೆಕೆಂಡಿಗೊಂದು, ಕಾಯುವುದು ಒಂದು ಸೆಕೆಂಡ್, ಮೂರು ತಪ್ಪಿದರೆ ಬಿತ್ತು ಅಂತ ಲೆಕ್ಕ. ಎದ್ದು ಬರುವಾಗ ಮಾತ್ರ ಅವಸರ ಬೇಡ: ಕರೆಂಟ್ ಬಂದ ಮೇಲೂ ಫೈಬರ್ ಬಂದು ಹೋಗಿ ಆಟವಾಡುತ್ತದೆ, 60 ಪಿಂಗ್ ಸತತವಾಗಿ ಸಿಕ್ಕಿದ ಮೇಲೇ ವಾಪಸ್.

ಮುಂದಿನ ಕಂತು 4ಜಿ ಆಂಟೆನಾ. ತೋಟದ ತಗ್ಗಿನ ಮನೆಗಳಿಗೆ 2300 ಮೆಗಾಹರ್ಟ್ಸ್‌ನ ಬ್ಯಾಂಡ್ 40 ಇಳಿಯುವುದೇ ಕಷ್ಟ, 850ರ ಬ್ಯಾಂಡ್ 5 ಇಳಿಯುತ್ತದೆ. ಅಂಗಡಿಯವರು ಆಂಟೆನಾ ಜೊತೆ 10 ಮೀಟರ್ ಆರ್‌ಜಿ58 ಕೇಬಲ್ ಸುತ್ತಿ ಕೊಡುತ್ತಾರೆ; 1800 ಮೆಗಾಹರ್ಟ್ಸ್‌ನಲ್ಲಿ ಆ ಕೇಬಲ್ಲೇ ಏಳೆಂಟು ಡೆಸಿಬೆಲ್ ನುಂಗಿದರೆ ಆಂಟೆನಾ ಗಳಿಸಿದ್ದೆಲ್ಲ ಅಲ್ಲಿಗೇ ಜಮಾ. ಮೋಡೆಮ್ಮನ್ನೇ ಡಬ್ಬಿಯೊಳಗೆ ಹಾಕಿ ಕಂಬಕ್ಕೇರಿಸಿ, ಪಿಒಇಯಲ್ಲಿ, ಅಂದರೆ ನೆಟ್‌ವರ್ಕ್ ಕೇಬಲ್ ಮೂಲಕವೇ, ಕರೆಂಟ್ ಕಳಿಸುವುದು ಸರಿ. ಸಿಡಿಲಿಗೆ ಏನು ಮಾಡುವುದು ಅನ್ನುವುದು ಆ ಕಂತಿಗೆ.